ಗರ್ಭಿಣಿ ಹಾಗೂ ಬಾಣಂತಿಯರ ಲಸಿಕೆ: ‘ನಿರಾಕರಣೆ’ ಎಂಬ ಒಂದು ಪದದ ಹಿಂದೆ ಏನಿದೆ?

ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ

ಪಾಠದ ಉದ್ದೇಶ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳ ಹಾಗೂ ಇವುಗಳಿಂದ ಬೇರ್ಪಟ್ಟು ರಚನೆಯಾದ ಹೊಸ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರು ಈ ಪಾಠವನ್ನು ಓದಿ, ತಮ್ಮ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಚರ್ಚಿಸಬೇಕೆಂಬುದು ಆಶಯ. ಲಸಿಕೆ ನೀಡುವುದು ಆರೋಗ್ಯ ಇಲಾಖೆಯ ಕೆಲಸ. ಆದರೆ ಒಬ್ಬ ಗರ್ಭಿಣಿ ಲಸಿಕೆಗೆ ಏಕೆ ಬರಲಿಲ್ಲ ಎಂಬುದನ್ನು ಆಕೆಯ ಓಣಿಯಲ್ಲಿಯೇ ವಾಸಿಸುವ ಸದಸ್ಯರಿಗಿಂತ ಚೆನ್ನಾಗಿ ತಿಳಿಯಬಲ್ಲವರು ಮತ್ತೊಬ್ಬರಿಲ್ಲ.

1. ಒಂದು ಸನ್ನಿವೇಶ

(ಇದು ಅಭ್ಯಾಸಕ್ಕಾಗಿ ರಚಿಸಿದ ಸನ್ನಿವೇಶ, ಯಾವುದೇ ನಿರ್ದಿಷ್ಟ ಕುಟುಂಬಕ್ಕೆ ಸಂಬಂಧಿಸಿದ್ದಲ್ಲ.)

ಭೀಮಾ ತೀರದ ಒಂದು ಗ್ರಾಮ. ಚೊಚ್ಚಲ ಗರ್ಭಿಣಿಯೊಬ್ಬಳು ನಾಲ್ಕನೆಯ ತಿಂಗಳಲ್ಲಿ ಹೆಸರು ನೋಂದಾಯಿಸಿ, ತಾಯಿ ಕಾರ್ಡ್ ಪಡೆದು, ಮೊದಲನೆಯ ಲಸಿಕೆಯನ್ನೂ ಹಾಕಿಸಿಕೊಂಡಿದ್ದಾಳೆ. ಆ ರಾತ್ರಿ ತೋಳು ಬಾತು, ಮೈ ಬಿಸಿಯಾಯಿತು. ಮರುದಿನ ತೊಗರಿ ಹೊಲಕ್ಕೆ ಹೋಗಲಾಗಲಿಲ್ಲ. ಒಂದು ದಿನದ ಕೂಲಿ ತಪ್ಪಿತು. ಎರಡನೆಯ ಲಸಿಕೆಯ ದಿನ ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಬಾಗಿಲಲ್ಲಿ ನಿಂತವರು ಅತ್ತೆ. “ನಮ್ಮ ಕಾಲದಾಗ ಯಾವ ಸೂಜಿ ಇತ್ತು? ನಾವು ಹಡೀಲಿಲ್ಲೇನು?” ಎಂದರು. ಸೊಸೆ ಒಳಗಿನಿಂದ ಮಾತನಾಡಲಿಲ್ಲ. ಮುಂದಿನ ತಿಂಗಳು ಕುಬಸ ಮುಗಿಸಿಕೊಂಡು ಆಕೆ ನದಿಯಾಚೆ, ಸೊಲ್ಲಾಪುರ ಜಿಲ್ಲೆಯ ತವರುಮನೆಗೆ ಹೋದಳು. ವಹಿಯಲ್ಲಿ ಆಕೆಯ ಹೆಸರಿನ ಮುಂದೆ ‘ನಿರಾಕರಣೆ’ ಎಂದು ಬರೆಯಲಾಯಿತು.

ಇಲ್ಲಿ ನಿರಾಕರಿಸಿದವರು ಯಾರು? ಜ್ವರ ಬರಬಹುದೆಂದು ಆಕೆಗೆ ಮುಂಚಿತವಾಗಿ ಯಾರೂ ತಿಳಿಸಿರಲಿಲ್ಲ. ನಿರ್ಧಾರ ಆಕೆಯದಾಗಿರಲಿಲ್ಲ. ತವರಿನಲ್ಲಿ ಲಸಿಕೆ ಪಡೆಯಲು ಆಕೆಗೆ ದಾರಿಯನ್ನೂ ಯಾರೂ ತೋರಿಸಿರಲಿಲ್ಲ. ಮೂರು ಬೇರೆ ಬೇರೆ ಕಾರಣಗಳು ಒಂದೇ ಪದದಲ್ಲಿ ಮುಚ್ಚಿಹೋಗಿವೆ. ಆ ಪದವನ್ನು ಬಿಡಿಸಿ ನೋಡುವುದೇ ಈ ಪಾಠದ ವಿಷಯ.

2. ಯಾವ ಲಸಿಕೆ, ಏತಕ್ಕಾಗಿ

ಗರ್ಭಿಣಿಯರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ನೀಡಲಾಗುವ ಲಸಿಕೆ ‘ಟಿಡಿ’. ಜನರು ಇದನ್ನು ಇಂದಿಗೂ ‘ಟಿಟಿ ಸೂಜಿ’ ಎಂದೇ ಕರೆಯುತ್ತಾರೆ. ಹಿಂದಿನ ಟಿಟಿ ಲಸಿಕೆ ಧನುರ್ವಾಯುವಿನಿಂದ ಮಾತ್ರ ರಕ್ಷಣೆ ನೀಡುತ್ತಿತ್ತು. 2019ರಿಂದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಅದರ ಸ್ಥಾನಕ್ಕೆ ಟಿಡಿ ಬಂದಿತು. ಇದು ಧನುರ್ವಾಯುವಿನ ಜೊತೆಗೆ ಗಂಟಲಮಾರಿಯಿಂದಲೂ ರಕ್ಷಣೆ ನೀಡುತ್ತದೆ. ಉತ್ತರ ಕರ್ನಾಟಕದ ಗ್ರಾಮೀಣ ಭಾಗದಲ್ಲಿ ಕಳೆದ ದಶಕದಲ್ಲಿಯೂ ಗಂಟಲಮಾರಿ ಪ್ರಕರಣಗಳು ಕಂಡುಬಂದಿರುವುದರಿಂದ ಈ ಬದಲಾವಣೆ ನಮ್ಮ ಭಾಗಕ್ಕೆ ಅಗತ್ಯವಾದುದೇ ಆಗಿದೆ.

ಲಸಿಕೆಯ ಕ್ರಮ ಹೀಗಿದೆ:

• ಗರ್ಭಧಾರಣೆ ತಿಳಿದ ಕೂಡಲೇ, ಆದಷ್ಟು ಬೇಗ, ಮೊದಲನೆಯ ಡೋಸ್.
• ಅದಾದ 4 ವಾರಗಳ ನಂತರ ಎರಡನೆಯ ಡೋಸ್.
• ಹಿಂದಿನ ಗರ್ಭಾವಸ್ಥೆಯಲ್ಲಿ ಎರಡೂ ಡೋಸ್ ಪಡೆದು, 3 ವರ್ಷಗಳೊಳಗೆ ಮತ್ತೆ ಗರ್ಭಿಣಿಯಾದವರಿಗೆ ಒಂದೇ ಬೂಸ್ಟರ್ ಡೋಸ್ ಸಾಕು.
• 36 ವಾರಗಳೊಳಗೆ ಮುಗಿಸುವುದು ಉತ್ತಮ; ಆದರೆ ಆ ಅವಧಿ ಮೀರಿದ್ದರೂ ಲಸಿಕೆಯನ್ನು ಬಿಡಬಾರದು.

ಧನುರ್ವಾಯುವಿನ ರೋಗಾಣುಗಳು ಮಣ್ಣಿನಲ್ಲಿ, ಸಗಣಿಯಲ್ಲಿ ವರ್ಷಾನುಗಟ್ಟಲೆ ಬದುಕಿರುತ್ತವೆ. ಅಶುದ್ಧ ಬ್ಲೇಡಿನಿಂದ ಹೊಕ್ಕುಳಬಳ್ಳಿ ಕತ್ತರಿಸಿದಾಗ, ಅಥವಾ ಹೊಕ್ಕುಳಿಗೆ ಬೂದಿ, ಸಗಣಿ, ಎಣ್ಣೆ ಹಚ್ಚಿದಾಗ ಅವು ಕೂಸಿನ ಮೈ ಸೇರುತ್ತವೆ. ಮೊದಲೆರಡು ದಿನ ಚೆನ್ನಾಗಿ ಹಾಲು ಕುಡಿದ ಕೂಸು ಸುಮಾರು ಒಂದು ವಾರದ ಹೊತ್ತಿಗೆ ಬಾಯಿ ತೆರೆಯಲಾರದೆ, ಮೈ ಬಿಲ್ಲಿನಂತೆ ಸೆಟೆದು ಸಾಯುತ್ತದೆ. ನವಜಾತ ಶಿಶುವಿಗೆ ಈ ರೋಗದ ವಿರುದ್ಧ ಲಸಿಕೆ ಹಾಕಿ ರಕ್ಷಣೆ ಬರುವಷ್ಟು ಕಾಲಾವಕಾಶವೇ ಇರುವುದಿಲ್ಲ. ಆದ್ದರಿಂದ ತಾಯಿಗೆ ಮೊದಲೇ ಲಸಿಕೆ ಹಾಕಲಾಗುತ್ತದೆ. ಆಕೆಯ ರಕ್ತದಲ್ಲಿ ಉಂಟಾಗುವ ರೋಗನಿರೋಧಕ ಅಂಶ ಮಾಸುಚೀಲದ ಮೂಲಕ ಕೂಸಿಗೆ ದಾಟುತ್ತದೆ. ತೋಳು ತಾಯಿಯದು, ರಕ್ಷಣೆ ಇಬ್ಬರಿಗೂ.

1980ರ ದಶಕದ ಕೊನೆಯವರೆಗೂ ಭಾರತದಲ್ಲಿ ವರ್ಷಕ್ಕೆ ಒಂದೂವರೆಯಿಂದ ಎರಡು ಲಕ್ಷದಷ್ಟು ನವಜಾತ ಶಿಶುಗಳು ಧನುರ್ವಾಯುವಿಗೆ ತುತ್ತಾಗುತ್ತಿದ್ದವೆಂದು ಅಂದಾಜಿಸಲಾಗಿದೆ. 1985ರಲ್ಲಿ ಆರಂಭವಾದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ, ಆಸ್ಪತ್ರೆಯ ಹೆರಿಗೆ ಮತ್ತು ಹೊಕ್ಕುಳಿನ ಶುಚಿತ್ವ, ಈ ಮೂರರ ಫಲವಾಗಿ 2015ರಲ್ಲಿ ಭಾರತವು ತಾಯಿ ಮತ್ತು ನವಜಾತ ಶಿಶುವಿನ ಧನುರ್ವಾಯುವನ್ನು ನಿವಾರಿಸಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ದೃಢೀಕರಿಸಿತು. ‘ನಿವಾರಣೆ’ ಎಂದರೆ ಪ್ರತಿ ಜಿಲ್ಲೆಯಲ್ಲಿಯೂ ಸಾವಿರ ಜೀವಂತ ಜನನಗಳಿಗೆ ಒಂದಕ್ಕಿಂತ ಕಡಿಮೆ ಪ್ರಕರಣ ಎಂದರ್ಥ; ರೋಗಾಣು ಇಲ್ಲವಾಯಿತೆಂದಲ್ಲ. ಸಿಡುಬು ಭೂಮಿಯಿಂದಲೇ ಹೋಯಿತು. ಧನುರ್ವಾಯು ಹಾಗೆ ಹೋಗುವುದಿಲ್ಲ, ಏಕೆಂದರೆ ಅದರ ಮನೆ ನಮ್ಮ ಹೊಲದ ಮಣ್ಣೇ. ಲಸಿಕೆ ನಿಂತರೆ ರೋಗ ಮರಳುತ್ತದೆ.

3. 2021ರಿಂದ ಕಲಿಯಬೇಕಾದ ಪಾಠ

ಗರ್ಭಿಣಿಯರ ಹಾಗೂ ಬಾಣಂತಿಯರ ಮನಸ್ಸಿನಲ್ಲಿ ಲಸಿಕೆಯ ಬಗ್ಗೆ ಇಂದಿರುವ ಸಂಶಯವನ್ನು ಅರಿಯಲು 2021ರ ಕೋವಿಡ್ ಲಸಿಕೆಯ ಕಾಲವನ್ನು ನೆನೆಯಬೇಕು.

2021ರ ಜನವರಿ 16ರಂದು ದೇಶದಲ್ಲಿ ಕೋವಿಡ್ ಲಸಿಕೆ ಆರಂಭವಾಯಿತು. ಗರ್ಭಿಣಿಯರಿಗೂ ಹಾಲುಣಿಸುವ ತಾಯಂದಿರಿಗೂ ಆಗ ಲಸಿಕೆ ಇರಲಿಲ್ಲ. ಮೇ 19ರಂದು ಹಾಲುಣಿಸುವ ತಾಯಂದಿರು ಪಡೆಯಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ ತಿಳಿಸಿತು. ಜುಲೈ 2ರಂದು ಗರ್ಭಿಣಿಯರಿಗೂ ಅನುಮತಿ ದೊರೆಯಿತು. ಜನವರಿಯಲ್ಲಿ “ನಿಮಗೆ ಬೇಡ” ಎಂದಿದ್ದ ಆಶಾ ಕಾರ್ಯಕರ್ತೆಯೇ ಜುಲೈನಲ್ಲಿ “ಹಾಕಿಸಿಕೊಳ್ಳಿ” ಎನ್ನಬೇಕಾಯಿತು. ಈ ನಡುವೆ ಬದಲಾದದ್ದೇನು ಎಂಬ ವಿವರಣೆ ಮಾತ್ರ ಅನೇಕ ಮನೆಗಳನ್ನು ತಲುಪಲಿಲ್ಲ. ಹೇಳಿದ ಮಾತು ಬದಲಾದಾಗ, ಕೇಳಿದವರು ಹಿಂಜರಿದದ್ದು ಮೂಢತನವಲ್ಲ, ಎಚ್ಚರ.

ಬದಲಾದದ್ದು ಇಷ್ಟು. ಹೊಸ ಲಸಿಕೆಗಳ ಮೊದಲ ಪರೀಕ್ಷೆಗಳಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡಿರಲಿಲ್ಲ. ಆದ್ದರಿಂದ ಜನವರಿಯ “ಬೇಡ” ಎಂಬ ಮಾತಿಗೆ ‘ಹಾನಿಯಾಗುತ್ತದೆ’ ಎಂಬ ಅರ್ಥವಿರಲಿಲ್ಲ. ‘ಇನ್ನೂ ಪರೀಕ್ಷಿಸಿಲ್ಲ’ ಎಂಬ ಅರ್ಥವಿತ್ತು. ಏಪ್ರಿಲ್ ಮತ್ತು ಮೇ ತಿಂಗಳ ಎರಡನೆಯ ಅಲೆಯಲ್ಲಿ ಗರ್ಭಿಣಿಯರಿಗೆ ಸೋಂಕು ತಗುಲಿದರೆ ರೋಗ ತೀವ್ರವಾಗುವ ಮತ್ತು ಅವಧಿಗೆ ಮುನ್ನ ಹೆರಿಗೆಯಾಗುವ ಅಪಾಯ ಹೆಚ್ಚೆಂಬುದು ಸ್ಪಷ್ಟವಾಯಿತು. ಅದೇ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಲಸಿಕೆ ಪಡೆದಿದ್ದ 35,000ಕ್ಕೂ ಹೆಚ್ಚು ಗರ್ಭಿಣಿಯರ ಅನುಭವದ ವರದಿ ಪ್ರಕಟವಾಗಿ, ಆತಂಕಪಡುವಂತಹ ಸೂಚನೆ ಕಂಡಿಲ್ಲವೆಂದು ತಿಳಿಸಿತು. ಆ ಲಸಿಕೆಗಳು ಇಲ್ಲಿ ನೀಡಿದವುಗಳಿಗಿಂತ ಬೇರೆಯಾಗಿದ್ದವು ಎಂಬುದೂ ನಿಜ. ಒಂದು ಕಡೆ ತಿಳಿದ ಅಪಾಯ, ಮತ್ತೊಂದು ಕಡೆ ಕಡಿಮೆಯಾಗುತ್ತಿದ್ದ ಸಂಶಯ; ಇವೆರಡನ್ನೂ ತೂಗಿ ನಿರ್ಧಾರ ಬದಲಾಯಿತು.

2024ರಲ್ಲಿ ಮತ್ತೊಂದು ಸುದ್ದಿ ಮೊಬೈಲುಗಳಲ್ಲಿ ಹರಡಿತು. ಕೋವಿಶೀಲ್ಡ್ ಲಸಿಕೆಯನ್ನು ರೂಪಿಸಿದ ಕಂಪನಿಯು, ಅತಿ ವಿರಳವಾಗಿ ರಕ್ತ ಹೆಪ್ಪುಗಟ್ಟುವ ತೊಂದರೆ ಉಂಟಾಗಬಹುದೆಂದು ಬ್ರಿಟನ್ನಿನ ನ್ಯಾಯಾಲಯದ ದಾಖಲೆಯಲ್ಲಿ ಒಪ್ಪಿಕೊಂಡಿತ್ತು. ಸುದ್ದಿ ಸುಳ್ಳಲ್ಲ. ಆದರೆ ಅದನ್ನು ಓದಿದ ಮನೆಯವರು ಇಂದು ಟಿಡಿ ಸೂಜಿಯ ಮುಂದೆಯೂ ಅದೇ ಭಯದಿಂದ ನಿಲ್ಲುತ್ತಾರೆ. “ಅದೆಲ್ಲ ಸುಳ್ಳು ಸುದ್ದಿ” ಎಂದು ಸದಸ್ಯರು ತಳ್ಳಿಹಾಕಿದರೆ, ಮೊಬೈಲಿನಲ್ಲಿ ಸುದ್ದಿ ತೋರಿಸುವ ಯುವಕನ ಮುಂದೆ ಸದಸ್ಯರ ಮಾತೇ ಸುಳ್ಳಾಗುತ್ತದೆ. “ಆ ಸುದ್ದಿ ನಿಜ, ಅದು ಬೇರೆ ಲಸಿಕೆ. ಇದು ನಿಮ್ಮ ಅತ್ತೆಯ ಕಾಲದಿಂದ ಕೋಟ್ಯಂತರ ಬಸುರಿಯರು ಪಡೆದ ಲಸಿಕೆ” ಎಂದು ಬೇರ್ಪಡಿಸಿ ಹೇಳುವುದೇ ಸರಿಯಾದ ಕ್ರಮ.

4. ಮೂರು ಕಾರಣಗಳು, ಮೂರು ಪರಿಹಾರಗಳು

ಅ) ಸಂಶಯ. ಇದಕ್ಕೆ ಪರಿಹಾರ ಉತ್ತರ. ಲಸಿಕೆ ಹಾಕಿದ ಪ್ರತಿಯೊಬ್ಬರಿಗೂ ನಾಲ್ಕು ಮಾತು ಹೇಳಬೇಕೆಂಬ ನಿಯಮ ಆರೋಗ್ಯ ಇಲಾಖೆಯಲ್ಲಿದೆ: ಯಾವ ಲಸಿಕೆ, ಅದು ಯಾವ ರೋಗವನ್ನು ತಡೆಯುತ್ತದೆ, ಏನು ತೊಂದರೆಯಾಗಬಹುದು, ಆದರೆ ಏನು ಮಾಡಬೇಕು, ಮುಂದಿನ ಬಾರಿ ಯಾವಾಗ ಬರಬೇಕು, ಕಾರ್ಡನ್ನು ಜೋಪಾನವಾಗಿಟ್ಟು ಬರುವಾಗ ತರಬೇಕು. ಸನ್ನಿವೇಶದ ಗರ್ಭಿಣಿಗೆ ಎರಡನೆಯ ಮಾತನ್ನು ಹೇಳಿದ್ದರೆ, ಜ್ವರ ಬಂದ ರಾತ್ರಿ ಆಕೆಗೆ ಅದು ನಿರೀಕ್ಷಿತ ವಿಷಯವಾಗಿರುತ್ತಿತ್ತು. ಹೇಳದಿದ್ದುದರಿಂದ ಅದೇ ಜ್ವರ ಮೋಸದಂತೆ ಕಂಡಿತು.

ಆ) ಅನುಮತಿ. ಅನೇಕ ಮನೆಗಳಲ್ಲಿ ಗರ್ಭಿಣಿಯು ಒಪ್ಪಿದ್ದರೂ ಅತ್ತೆ, ಗಂಡ, ಕೆಲವೊಮ್ಮೆ ಮಾವ ಒಪ್ಪಬೇಕು. ಅಂಗನವಾಡಿಯಲ್ಲಿ ನಡೆಯುವ ತಿಳಿವಳಿಕೆ ಸಭೆಗೆ ಬರುವವರು ಗರ್ಭಿಣಿಯರು; ತೀರ್ಮಾನಿಸುವವರು ಮನೆಯಲ್ಲಿಯೇ ಉಳಿಯುತ್ತಾರೆ. ಆದ್ದರಿಂದ ಮಾತು ಅವರ ಬಳಿಗೇ ಹೋಗಬೇಕು. ಅತ್ತೆಯನ್ನು ಎದುರಾಳಿಯೆಂದು ಭಾವಿಸುವುದು ದೊಡ್ಡ ತಪ್ಪು. ಮನೆಯಲ್ಲಿ ಬಾಣಂತನದ ಅನುಭವ ಇರುವವರು ಅವರೇ, ಕೂಸು ಉಳಿಯಬೇಕೆಂಬ ಹಂಬಲ ಅವರಿಗೂ ಅಷ್ಟೇ ಇದೆ. ಹಿರಿಯ ಸದಸ್ಯೆಯೊಬ್ಬರು ಅವರ ಜೊತೆ ಕುಳಿತು, “ಯವ್ವಾ, ನಿಮ್ಮ ಅವ್ವ ಎಷ್ಟು ಮಕ್ಕಳನ್ನ ಹಡೆದ್ರು, ಎಷ್ಟು ಉಳಿದ್ವು?” ಎಂದು ಕೇಳಿದರೆ, ಆ ಲೆಕ್ಕವೇ ಉತ್ತರವಾಗುತ್ತದೆ. ಹಿಂದಿನ ಕಾಲದಲ್ಲಿಯೂ ಹಡೆಯುತ್ತಿದ್ದರು, ನಿಜ. ತೊಟ್ಟಿಲಲ್ಲಿ ಉಳಿಯುತ್ತಿದ್ದವುಗಳ ಸಂಖ್ಯೆ ಬೇರೆಯಾಗಿತ್ತು. ಗಂಡಂದಿರೊಡನೆ ಮಾತನಾಡುವ ಹೊಣೆಯನ್ನು ಪುರುಷ ಸದಸ್ಯರು ಹೊರಬೇಕು. ತಾಂಡಾಗಳಲ್ಲಿ ನಾಯಕ ಮತ್ತು ಕಾರಭಾರಿಗಳ ಮೂಲಕ, ಆದಷ್ಟೂ ಲಂಬಾಣಿ ಮಾತಿನಲ್ಲಿ. ಉರ್ದು ಮಾತನಾಡುವ ಮನೆಗಳಲ್ಲಿ ಆ ಮಾತು ಬಲ್ಲ ಸದಸ್ಯೆಯ ಮೂಲಕ ತಿಳಿಸುವುದು ಉಚಿತ.

ಇ) ಅನುಕೂಲ. ಲಸಿಕಾ ದಿನ ಸಾಮಾನ್ಯವಾಗಿ ಗುರುವಾರ. ಅಂದು ಹೊಲದ ಕೂಲಿ ಬಿಟ್ಟು ಬರಬೇಕು; ದೂರದ ವಸ್ತಿ ಮತ್ತು ತಾಂಡಾದವರಿಗೆ ಬಂದು ಹೋಗುವುದರಲ್ಲಿಯೇ ಅರ್ಧ ದಿನ ಕಳೆಯುತ್ತದೆ. ಕಬ್ಬು ಕಡಿಯುವ ಗ್ಯಾಂಗುಗಳೊಡನೆ ಮಹಾರಾಷ್ಟ್ರಕ್ಕೆ, ಕಟ್ಟಡ ಕೆಲಸಕ್ಕೆ ಗೋವಾ ಮತ್ತು ಪುಣೆಗೆ ಹೋಗುವ ಕುಟುಂಬಗಳು ಈ ನಾಲ್ಕೂ ತಾಲ್ಲೂಕುಗಳಲ್ಲಿವೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮ ರೂಢಿ. ಇಂಡಿ ಭಾಗದವರ ತವರು ಸೊಲ್ಲಾಪುರ ಜಿಲ್ಲೆಯಲ್ಲಿ, ಸಿಂದಗಿಯವರದು ಕಲಬುರಗಿ ಜಿಲ್ಲೆಯಲ್ಲಿ, ಮುದ್ದೇಬಿಹಾಳದವರದು ಯಾದಗಿರಿ ಅಥವಾ ಬಾಗಲಕೋಟೆಯಲ್ಲಿ, ಬಸವನ ಬಾಗೇವಾಡಿಯವರದು ಕೃಷ್ಣೆಯಾಚೆ ಇರಬಹುದು. ಇಂತಹವರು ಎರಡೂ ಊರಿನ ವಹಿಗಳಿಂದ ತಪ್ಪಿಹೋಗುತ್ತಾರೆ. ಇವರಿಗೆ ಉಪದೇಶದ ಅಗತ್ಯವಿಲ್ಲ. ಬೇಕಾಗಿರುವುದು ದಿನಾಂಕ, ಸ್ಥಳ ಮತ್ತು ಕಾರ್ಡ್. ಗರ್ಭಿಣಿಯರ ಮತ್ತು ಮಕ್ಕಳ ಲಸಿಕೆಯನ್ನು ದಾಖಲಿಸುವ ‘ಯು-ವಿನ್’ ವ್ಯವಸ್ಥೆಯಲ್ಲಿ ಹೆಸರು ನೋಂದಣಿಯಾಗಿದ್ದರೆ, ದೇಶದ ಯಾವುದೇ ಸರ್ಕಾರಿ ಕೇಂದ್ರದಲ್ಲಿ ಮುಂದಿನ ಡೋಸ್ ಪಡೆಯಬಹುದು.

5. ಮನೆಗಳಲ್ಲಿ ಕೇಳಿಬರುವ ಪ್ರಶ್ನೆಗಳು

“ಹೊಟ್ಟ್ಯಾಗಿನ ಕೂಸಿಗೆ ಏನರ ಆದ್ರ?”
ಟಿಡಿಯಲ್ಲಿ ಜೀವಂತ ರೋಗಾಣು ಇಲ್ಲ. ರೋಗಾಣುವಿನ ವಿಷವನ್ನು ನಿರುಪದ್ರವಿಯಾಗಿ ಮಾಡಿ ಸಿದ್ಧಪಡಿಸಿದ ಲಸಿಕೆ ಇದು. ಆದ್ದರಿಂದ ಇದರಿಂದ ಆ ರೋಗ ಬರುವುದು ಸಾಧ್ಯವಿಲ್ಲ.

“ಹಂಗಾದ್ರ ಬಸುರಿದ್ದಾಗ ಎಲ್ಲಾ ಸೂಜಿನೂ ನಡಿತಾವೇನು?”
ಇಲ್ಲ. ದಡಾರ-ರುಬೆಲ್ಲಾದಂತಹ, ದುರ್ಬಲಗೊಳಿಸಿದ ಜೀವಂತ ರೋಗಾಣುವಿನ ಲಸಿಕೆಯನ್ನು ಗರ್ಭಿಣಿಯರಿಗೆ ನೀಡುವುದಿಲ್ಲ. ಈ ಉತ್ತರವನ್ನು ಮರೆಮಾಚಬಾರದು. ಯಾವುದನ್ನು ಕೊಡಬಾರದೆಂದು ನೋಡಿಯೇ ಕೊಡಲಾಗುತ್ತಿದೆ ಎಂದು ತಿಳಿದಾಗ ನಂಬಿಕೆ ಹೆಚ್ಚುತ್ತದೆ.

“ಸೂಜಿ ಮಾಡಿಸಿಕೊಂಡ್ರ ಜ್ವರಾ ಬರ್ತಾವ.”
ಬರಬಹುದು. ತೋಳಿನ ನೋವು, ಸ್ವಲ್ಪ ಬಾವು, ಸಣ್ಣ ಜ್ವರ ಒಂದೆರಡು ದಿನ ಇದ್ದು ಹೋಗುತ್ತವೆ. ಗರ್ಭಿಣಿಯರು ಜ್ವರಕ್ಕೆ ಅಂಗಡಿಯ ಮಾತ್ರೆ ನುಂಗದೆ, ಆಶಾ ಅಥವಾ ಉಪಕೇಂದ್ರದ ಸಿಸ್ಟರ್ ಅವರನ್ನು ಕೇಳಬೇಕು. ಜ್ವರ ಹೆಚ್ಚಾದರೆ, ಉಸಿರಾಟಕ್ಕೆ ತೊಂದರೆಯಾದರೆ, ರಕ್ತಸ್ರಾವ ಕಂಡರೆ ಅಥವಾ ಕೂಸಿನ ಚಲನೆ ಕಡಿಮೆಯಾದರೆ ಕಾರಣ ಏನೇ ಇರಲಿ, ಕೂಡಲೇ ಆಸ್ಪತ್ರೆಗೆ ಹೋಗಬೇಕು; 108ಕ್ಕೆ ಕರೆ ಮಾಡಬೇಕು.

“ಹಾಲು ಬತ್ತಿ ಹೋಗ್ತಾವಂತ?”
ಇಲ್ಲ. ತಾಯಿ ಟಿಡಿ ಪಡೆದರೆ ಹಾಲು ಕಡಿಮೆಯಾಗುವುದಿಲ್ಲ, ಕೆಡುವುದೂ ಇಲ್ಲ. ಲಸಿಕೆಯ ದಿನವೂ ಹಾಲುಣಿಸಬಹುದು.

“ಮುಂದ ಮಕ್ಕಳಾಗಂಗಿಲ್ಲಂತ?”
ಲಸಿಕೆಗೂ ಸಂತಾನಶಕ್ತಿಗೂ ಸಂಬಂಧವಿಲ್ಲ. ಈ ಹಿಂದೆ ಟಿಟಿ ಪಡೆದು ನಂತರ ಎರಡು, ಮೂರು ಮಕ್ಕಳನ್ನು ಹೆತ್ತವರು ಪ್ರತಿ ಓಣಿಯಲ್ಲಿಯೂ ಇದ್ದಾರೆ.

“ದವಾಖಾನ್ಯಾಗ ಹಡಿತೀವಿ, ಮತ್ಯಾಕ ಸೂಜಿ?”
ಆಸ್ಪತ್ರೆಯಲ್ಲಿ ಬಳ್ಳಿ ಕತ್ತರಿಸುವುದು ಶುದ್ಧವಾಗಿರುತ್ತದೆ. ಆದರೆ ಕೂಸು ಮನೆಗೆ ಬಂದ ನಂತರವೂ ಹೊಕ್ಕುಳು ಒಣಗಲು ದಿನಗಳು ಬೇಕು. ಆಸ್ಪತ್ರೆ ತಲುಪುವ ಮೊದಲೇ ಹೆರಿಗೆಯಾಗುವ ಸಂದರ್ಭಗಳೂ ಇವೆ. ಹೊಕ್ಕುಳಿಗೆ ಏನನ್ನೂ ಹಚ್ಚಬಾರದೆಂಬುದನ್ನು ಇದೇ ಸಂದರ್ಭದಲ್ಲಿ ತಿಳಿಸಬೇಕು.

ಸದಸ್ಯರಿಗೆ ತಿಳಿಯದ ಪ್ರಶ್ನೆ ಬಂದರೆ ಊಹಿಸಿ ಹೇಳದೆ, “ಕೇಳಿ ಬಂದು ಹೇಳುತ್ತೇನೆ” ಎಂದು ಒಪ್ಪಿಕೊಂಡು, ನಿಜವಾಗಿಯೂ ಮರಳಿ ಹೋಗಿ ಹೇಳಬೇಕು. 104 ಆರೋಗ್ಯವಾಣಿಯಲ್ಲಿಯೂ ಸಲಹೆ ಪಡೆಯಬಹುದು.

6. ಗ್ರಾಮ ಪಂಚಾಯಿತಿ ಮಾಡಬಹುದಾದ ಕೆಲಸ

1) ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮಾಸಿಕ ಸಭೆಯಲ್ಲಿ ಲಸಿಕೆ ತಪ್ಪಿದವರ ಸಂಖ್ಯೆಯನ್ನು ಕಾರಣವಾರು ಕೇಳುವುದು: ಸಂಶಯ ಎಷ್ಟು, ಅನುಮತಿ ಎಷ್ಟು, ಅನುಕೂಲ ಎಷ್ಟು. ‘ನಿರಾಕರಣೆ’ ಎಂಬ ಒಂದೇ ಪದವನ್ನು ಒಪ್ಪಬಾರದು.

2) ಕುಬಸದ ಹೊತ್ತನ್ನು ಗುರುತಾಗಿ ಬಳಸುವುದು. ತವರಿಗೆ ಹೊರಡುವ ಮುನ್ನ ಎರಡೂ ಡೋಸ್ ಆಗಿವೆಯೇ, ಕಾರ್ಡ್ ಜೊತೆಗಿದೆಯೇ, ತವರೂರಿನ ಆಶಾ ಕಾರ್ಯಕರ್ತೆಯ ದೂರವಾಣಿ ಸಂಖ್ಯೆ ದೊರೆತಿದೆಯೇ ಎಂದು ವಿಚಾರಿಸುವುದು.

3) ಗುಳೆ ಹೋಗುವ ಕುಟುಂಬಗಳು ಹೊರಡುವ ಮೊದಲು, ಮುಕಾದಮರಿಂದ ದಿನಾಂಕ ತಿಳಿದು, ಆ ತಾಂಡಾ ಅಥವಾ ಓಣಿಯಲ್ಲಿ ಹೆಚ್ಚುವರಿ ಲಸಿಕಾ ದಿನ ಏರ್ಪಡಿಸುವಂತೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗೆ ಪತ್ರ ಬರೆಯುವುದು.

4) ಅಂಗನವಾಡಿಯಲ್ಲಿ ಗರ್ಭಿಣಿ ಮತ್ತು ಬಾಣಂತಿಯರಿಗಾಗಿ 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯ ಸಂಪರ್ಕವನ್ನು ಮಾತುಕತೆಗೆ ಬಳಸಿಕೊಳ್ಳುವುದು, ತಿಂಗಳಿಗೊಮ್ಮೆ ಅತ್ತೆಯಂದಿರನ್ನೂ ಆಮಂತ್ರಿಸುವುದು. ಪ್ರತಿ ತಿಂಗಳ 9ರಂದು ನಡೆಯುವ ಗರ್ಭಿಣಿಯರ ತಪಾಸಣೆಯ ದಿನವನ್ನು ಮುಂಚಿತವಾಗಿ ಸಾರುವುದು.

5) ಲಸಿಕಾ ಸ್ಥಳದಲ್ಲಿ ನೆರಳು, ಕುಡಿಯುವ ನೀರು, ಕೂರಲು ಬೆಂಚು ಮತ್ತು ಹಾಲುಣಿಸಲು ಮರೆಯಾದ ಜಾಗ ಒದಗಿಸುವುದು. ಲಸಿಕೆಯ ನಂತರ ಅರ್ಧ ಗಂಟೆ ಕಾಯಬೇಕಾಗುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದವರು ಮರಳಿ ಬರುವುದಿಲ್ಲ. ಸಮಿತಿಯ ಮುಕ್ತ ನಿಧಿಯನ್ನು ನಿಯಮಾನುಸಾರ ಇಂತಹ ಅಗತ್ಯಗಳಿಗೆ ಬಳಸುವ ಕುರಿತು ಸಭೆಯಲ್ಲಿ ಠರಾವು ಮಾಡಬಹುದು.

7. ಮಾಡಬಾರದ ಕೆಲಸ

ಲಸಿಕೆ ಪಡೆಯದವರ ಹೆಸರನ್ನು ಪಂಚಾಯಿತಿ ಫಲಕದಲ್ಲಿ ಅಥವಾ ವಾಟ್ಸಾಪ್ ಗುಂಪಿನಲ್ಲಿ ಹಾಕಬಾರದು. “ರೇಷನ್ ನಿಲ್ಲಿಸುತ್ತೇವೆ”, “ಮನೆ ಮಂಜೂರು ಮಾಡುವುದಿಲ್ಲ” ಎಂಬ ಮಾತು ಸದಸ್ಯರ ಬಾಯಿಯಿಂದ ಬರಲೇಬಾರದು. ಯಾರನ್ನೂ ಬಲವಂತವಾಗಿ ಲಸಿಕೆಗೆ ಒಳಪಡಿಸುವಂತಿಲ್ಲ, ದೇಹದ ಮೇಲಿನ ಹಕ್ಕು ಸಂವಿಧಾನದ 21ನೆಯ ವಿಧಿಯಲ್ಲಿ ಅಡಕವಾಗಿದೆ ಎಂದು ಸರ್ವೋಚ್ಚ ನ್ಯಾಯಾಲಯವು ಕೋವಿಡ್ ಲಸಿಕೆಗೆ ಸಂಬಂಧಿಸಿದ ಪ್ರಕರಣದಲ್ಲಿ 2022ರ ಮೇ 2ರಂದು ಸ್ಪಷ್ಟಪಡಿಸಿದೆ. ಕಾನೂನಿನ ಮಾತು ಹಾಗಿರಲಿ. ಹೆದರಿಸಿ ಹಾಕಿಸಿದ ಒಂದು ಸೂಜಿ ಮುಂದೆ ಕೂಸಿಗೆ ಹಾಕಿಸಬೇಕಾದ ಸೂಜಿಗಳನ್ನು ತಪ್ಪಿಸುತ್ತದೆ. ಹುಟ್ಟಿದಾಗ ಬಿಸಿಜಿ, ಪೋಲಿಯೊ ಮತ್ತು ಹೆಪಟೈಟಿಸ್-ಬಿ. ನಂತರ 6, 10 ಮತ್ತು 14 ವಾರಗಳಲ್ಲಿ. ಮತ್ತೆ 9 ತಿಂಗಳಲ್ಲಿ ಆ ತಾಯಿಯೇ ಕೂಸನ್ನು ಎತ್ತಿಕೊಂಡು ಬರಬೇಕು. ಗರ್ಭಿಣಿಯಾಗಿದ್ದಾಗ ಸಿಕ್ಕ ಗೌರವವೇ ಬಾಣಂತಿಯಾದ ಮೇಲೆ ಆಕೆಯನ್ನು ಕರೆತರುತ್ತದೆ.

8. ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

• ನಮ್ಮ ಪಂಚಾಯಿತಿ ವ್ಯಾಪ್ತಿಯಲ್ಲಿ ಲಸಿಕಾ ಸ್ಥಳದಿಂದ ಅತಿ ದೂರದಲ್ಲಿರುವ ವಸ್ತಿ ಅಥವಾ ತಾಂಡಾ ಯಾವುದು? ಅಲ್ಲಿ ಈಗ ಎಷ್ಟು ಗರ್ಭಿಣಿಯರಿದ್ದಾರೆ?
• ಕಳೆದ 3 ತಿಂಗಳಲ್ಲಿ ಎರಡನೆಯ ಡೋಸ್ ತಪ್ಪಿದವರಲ್ಲಿ ತವರಿಗೆ ಅಥವಾ ಗುಳೆ ಹೋದವರೆಷ್ಟು?
• ಹಿರಿಯ ಹೆಣ್ಣುಮಕ್ಕಳೊಡನೆ ಕುಳಿತು ಮಾತನಾಡಬಲ್ಲ ಸದಸ್ಯೆ ಯಾರು? ಗಂಡಂದಿರೊಡನೆ ಮಾತನಾಡುವ ಸದಸ್ಯ ಯಾರು?
• ಲಸಿಕೆಯ ನಂತರ ಜ್ವರ ಬಂದ ಮನೆಗೆ ಮರುದಿನ ಹೋಗಿ ವಿಚಾರಿಸುವವರು ಯಾರು?

ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯವಾದುದು. ಮೊದಲಿಗೆ ಹೇಳಿದ ಸನ್ನಿವೇಶದಲ್ಲಿ ತೋಳು ಬಾತು ಮಲಗಿದ ಗರ್ಭಿಣಿಯ ಮನೆಗೆ ಮರುದಿನ ಯಾರಾದರೂ ಹೋಗಿ, “ಹೆಂಗದೀಯವ್ವಾ, ಜ್ವರಾ ಇಳಿದಾವೇನು?” ಎಂದು ಕೇಳಿದ್ದರೆ, ಎರಡನೆಯ ಲಸಿಕೆಯ ದಿನ ಅತ್ತೆಯ ಮಾತು ಬೇರೆಯಾಗಿರುವ ಸಾಧ್ಯತೆ ಇತ್ತು. ಅದಕ್ಕೆ ಅನುದಾನ ಬೇಕಾಗಿಲ್ಲ, ಠರಾವು ಬೇಕಾಗಿಲ್ಲ. ಅದೇ ಓಣಿಯ ಸದಸ್ಯರು ಹೋಗಿ ಬಂದರೆ ಸಾಕು.